ಅಜ್ಜಿಯ ಖಾರದ ಸಾರಿನ ಮೇಲಿದ್ದ ಅಪವಾದ: ಹೊಟ್ಟೆ ಹುಣ್ಣಿನ ಒಂದು ಇತಿಹಾಸ

ನಮ್ಮ ಶಾಲೆಯ ಸುವರ್ಣ ಮಹೋತ್ಸವ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಹಿರಿಯರು ಫೋನ್ ಮಾಡಿದಾಗ ನಾನು ಹಿಂಜರಿದೆ. ಶಾಲೆಗೆ ಜಾಗ ಬಿಟ್ಟುಕೊಟ್ಟವರ ಬಗ್ಗೆ, ಮೊದಲ ಎರಡು ಕೊಠಡಿಗಳಿಗೆ ಶ್ರಮದಾನ ಮಾಡಿದವರ ಬಗ್ಗೆ ಬರೆಯಲು ನನಗಿಂತ ಹಿರಿಯ ವಿದ್ಯಾರ್ಥಿಗಳಿದ್ದಾರೆ. ನಾನು 2004ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ಹೊರಟವನು. ಆಮೇಲೆ ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿಕೊಂಡಿದ್ದೇನೆ. ವೈದ್ಯನಲ್ಲ, ಇತಿಹಾಸದ ವಿದ್ವಾಂಸನೂ ಅಲ್ಲ.

ಆದರೂ ಬರೆಯಲು ಒಪ್ಪಿಕೊಂಡೆ. ಅದಕ್ಕೆ ನಮ್ಮ ನಿವೃತ್ತ ವಿಜ್ಞಾನ ಮೇಷ್ಟ್ರು ಕಾರಣ. ಒಂಬತ್ತನೇ ತರಗತಿಯಲ್ಲಿ ಜೀರ್ಣಾಂಗವ್ಯೂಹದ ಪಾಠ ಮಾಡುವಾಗ ಅವರು ಕಪ್ಪು ಹಲಗೆಯ ಮೇಲೆ ಜಠರದ ಚಿತ್ರ ಬರೆದು, "ಖಾರ, ಚಿಂತೆ, ಹೊತ್ತಿಗೆ ಸರಿಯಾಗಿ ಊಟ ಮಾಡದಿರುವುದು. ಈ ಮೂರರಿಂದ ಹೊಟ್ಟೆ ಹುಣ್ಣು ಬರುತ್ತದೆ" ಎಂದು ಬರೆಸಿದ್ದರು. ನಾನು ಅದನ್ನು ನೋಟ್ಸಿನಲ್ಲಿ ಬರೆದುಕೊಂಡು, ಪರೀಕ್ಷೆಯಲ್ಲಿ ಬರೆದು, ಎರಡು ಅಂಕವನ್ನೂ ಪಡೆದಿದ್ದೆ. ಕೆಲವು ವರ್ಷಗಳ ಹಿಂದೆ ಅವರ ಮನೆಗೆ ಹೋಗಿದ್ದಾಗ, ಆ ಪಾಠದಲ್ಲಿ ಮುಖ್ಯ ಕಾರಣವೇ ಬಿಟ್ಟುಹೋಗಿತ್ತೆಂದು ಸಂಕೋಚದಿಂದಲೇ ಹೇಳಿದೆ. ಮೇಷ್ಟ್ರು ಬೇಸರ ಮಾಡಿಕೊಳ್ಳಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡು, "ನಾನು ಎಷ್ಟು ಮಕ್ಕಳಿಗೆ ಹಾಗೆ ಬರೆಸಿದ್ದೀನೋ! ಎಲ್ಲರ ಮನೆಗೂ ಹೋಗಿ ತಿದ್ದೋಕಾಗುತ್ತಾ? ನೀನು ಎಲ್ಲಾದರೂ ಬರೆದು ಹಾಕಪ್ಪ" ಎಂದರು. ಅವರು ಪಾಠ ಮಾಡಿದ ಮಕ್ಕಳೆಲ್ಲ ಒಟ್ಟಿಗೆ ಓದುವ ಪುಸ್ತಕ ಈ ಸಂಚಿಕೆಯೊಂದೇ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ತಾತನ ಹೊಟ್ಟೆ

ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿದ್ದು ನಮ್ಮ ಮನೆಯಿಂದಲೇ. ನಮ್ಮ ತಾತನಿಗೆ ಹೊಟ್ಟೆಯ ಮೇಲೆ ಎದೆಗೂಡಿನಿಂದ ಹೊಕ್ಕುಳದವರೆಗೆ ಉದ್ದನೆಯ ಗಾಯದ ಗುರುತಿತ್ತು. ಬೇಸಿಗೆಯಲ್ಲಿ ಅವರು ಜಗಲಿಯ ಮೇಲೆ ಬರಿಮೈಯಲ್ಲಿ ಮಲಗಿದಾಗ ನಾವು ಮೊಮ್ಮಕ್ಕಳು ಅದರ ಮೇಲೆ ಬೆರಳಾಡಿಸಿ, "ಇದು ಬಸ್ಸಿನ ರೋಡು" ಎಂದು ಆಡುತ್ತಿದ್ದೆವು. 1979ರಲ್ಲಿ, ನಮ್ಮಪ್ಪ ಇದೇ ಶಾಲೆಯಲ್ಲಿ ಎಂಟನೇ ತರಗತಿಯಲ್ಲಿದ್ದಾಗ, ತಾತನಿಗೆ ಮೈಸೂರಿನಲ್ಲಿ ಆಪರೇಷನ್ ಆಯಿತು. ಅದಕ್ಕೂ ಹತ್ತು ವರ್ಷ ಮೊದಲಿಂದ ಅವರಿಗೆ ಹೊಟ್ಟೆನೋವು. ಮಧ್ಯರಾತ್ರಿ ಎದ್ದು ಕೂರುವರು, ಒಂದು ಲೋಟ ಹಾಲು ಕುಡಿದರೆ ಸ್ವಲ್ಪ ತಡೆಯುವುದು, ಮತ್ತೆ ಶುರು. ಕೊನೆಕೊನೆಗೆ ತಿಂದದ್ದೆಲ್ಲ ಸಂಜೆಗೆ ವಾಂತಿ. ಹುಣ್ಣು ಮಾಗಿ ಮಾಗಿ ಕರುಳಿನ ಬಾಯಿಯೇ ಕಿರಿದಾಗಿತ್ತು. ಡಾಕ್ಟರು ಹೊಟ್ಟೆ ಕೊಯ್ದು, ಆಮ್ಲ ಸುರಿಸು ಎಂದು ಆಜ್ಞೆ ತರುವ ನರವನ್ನು ಕತ್ತರಿಸಿ, ಜಠರದಿಂದ ಸಣ್ಣ ಕರುಳಿಗೆ ಬೇರೊಂದು ದಾರಿ ಹೊಲಿದರು. ಆ ಕಾಲಕ್ಕೆ ಅದೇ ಸರಿಯಾದ ಚಿಕಿತ್ಸೆ. ತಾತ ಬದುಕಿದರು. ಆದರೆ ಆಮೇಲೆ ಅವರು ಎರಡು ಮುದ್ದೆ ಉಂಡದ್ದನ್ನು ಯಾರೂ ನೋಡಲಿಲ್ಲ.

ತಪ್ಪು ಯಾರದು? ಊರು ತೀರ್ಮಾನ ಮಾಡಿಯಾಗಿತ್ತು. ತಾತನ ಅಕ್ಕ ಆಸ್ಪತ್ರೆಯ ಬಾಗಿಲಲ್ಲೇ ನಿಂತು ನಮ್ಮಜ್ಜಿಗೆ, "ನಿನ್ ಕೈ ಖಾರ ತಿಂದೂ ತಿಂದೂ ನನ್ ತಮ್ಮನ್ ಹೊಟ್ಟೆ ತೂತಾಯ್ತು" ಎಂದರಂತೆ. ಅಜ್ಜಿ ಮರುಮಾತಾಡಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಎರಡು ಒಲೆ. ಒಂದರಲ್ಲಿ ಎಲ್ಲರಿಗೂ ಸಾರು, ಇನ್ನೊಂದರಲ್ಲಿ ತಾತನಿಗೆ ಮೆಣಸಿನಕಾಯಿ ಸೋಕದ ಸಪ್ಪೆ ಸಾರು. ತಾತ 1998ರಲ್ಲಿ ತೀರಿಕೊಳ್ಳುವವರೆಗೂ ಅಜ್ಜಿ ಹಾಗೆಯೇ ಅಡಿಗೆ ಮಾಡಿದರು. ತಾತನ ಬಾಯಿಂದ ಬೀಡಿ ಇಳಿದದ್ದೇ ಕಡಿಮೆ. ಅದರ ಸುದ್ದಿ ಮಾತ್ರ ಯಾರೂ ಎತ್ತಲಿಲ್ಲ.

ಆಮ್ಲವೇ ಅಪರಾಧಿ ಎಂದ ಕಾಲ

ಊರಿನವರನ್ನು ದೂರಿ ಪ್ರಯೋಜನವಿಲ್ಲ. ಜಗತ್ತಿನ ದೊಡ್ಡ ದೊಡ್ಡ ವೈದ್ಯರ ನಂಬಿಕೆಯೂ ಸರಿಸುಮಾರು ಅದೇ ಆಗಿತ್ತು.

ಹೊಟ್ಟೆಯೊಳಗೆ ಏನು ನಡೆಯುತ್ತದೆ ಎಂಬ ತಿಳಿವಳಿಕೆ ನಿಧಾನವಾಗಿ ಬೆಳೆಯಿತು. ಜಠರದಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ ಎಂದು 1823ರಲ್ಲಿ ಲಂಡನ್ನಿನ ವಿಲಿಯಂ ಪ್ರೌಟ್ ತೋರಿಸಿದರು. ಅದಕ್ಕೆ ಹಿಂದಿನ ವರ್ಷ ಅಮೆರಿಕದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನ ಹೊಟ್ಟೆಗೆ ಆಕಸ್ಮಿಕವಾಗಿ ಗುಂಡು ತಗುಲಿತ್ತು. ಅವನು ಬದುಕಿದ, ಆದರೆ ಹೊಟ್ಟೆಯ ರಂಧ್ರ ಮುಚ್ಚಲಿಲ್ಲ. ಚಿಕಿತ್ಸೆ ಮಾಡಿದ ಸೇನಾ ವೈದ್ಯ ವಿಲಿಯಂ ಬೋಮಾಂಟ್ ಆ ರಂಧ್ರದೊಳಗೆ ದಾರಕ್ಕೆ ಕಟ್ಟಿದ ಮಾಂಸದ ತುಂಡು ಇಳಿಬಿಟ್ಟು, ಅದು ಎಷ್ಟು ಹೊತ್ತಿಗೆ ಕರಗುತ್ತದೆಂದು ವರ್ಷಗಟ್ಟಲೆ ಪರೀಕ್ಷೆ ಮಾಡಿ 1833ರಲ್ಲಿ ಪುಸ್ತಕ ಪ್ರಕಟಿಸಿದರು. ಮಾಂಸವನ್ನೇ ಕರಗಿಸುವ ರಸ ತನ್ನ ಗೋಡೆಯನ್ನೇ ಕೊರೆದರೆ ಹುಣ್ಣು ಎಂಬ ವಿಚಾರ ಸಹಜವಾಗಿಯೇ ಬಂತು. 1910ರಲ್ಲಿ ಕ್ರೊಯೇಷಿಯಾದ ವೈದ್ಯ ಕಾರ್ಲ್ ಶ್ವಾರ್ಜ್, ಆಮ್ಲವಿಲ್ಲದೆ ಹುಣ್ಣಿಲ್ಲ ಎಂಬ ಸೂತ್ರವನ್ನೇ ಮುಂದಿಟ್ಟರು.

ಆಮ್ಲ ಸುರಿಸಲು ಆಜ್ಞೆ ಕೊಡುವವರು ಯಾರು? 1905ರಲ್ಲಿ ಇಂಗ್ಲೆಂಡಿನ ಜಾನ್ ಎಡ್ಕಿನ್ಸ್, ಜಠರದ ಕೆಳಭಾಗದಿಂದ ಒಂದು ರಾಸಾಯನಿಕ ರಕ್ತದ ಮೂಲಕ ಹೋಗಿ ಆಮ್ಲ ಬಿಡಿಸುತ್ತದೆ ಎಂದು ಹೇಳಿ ಅದಕ್ಕೆ ಗ್ಯಾಸ್ಟ್ರಿನ್ ಎಂದು ಹೆಸರಿಟ್ಟರು. ಹಾರ್ಮೋನು ಎಂಬ ಪದ ಬಳಕೆಗೆ ಬಂದದ್ದೂ ಅದೇ ವರ್ಷ. ಎಡ್ಕಿನ್ಸ್ ಮಾತನ್ನು ಬಹುಕಾಲ ಹೆಚ್ಚಿನವರು ನಂಬಲಿಲ್ಲ. ಕೊನೆಗೆ 1964ರಲ್ಲಿ ಲಿವರ್‌ಪೂಲಿನ ರೊಡ್ರಿಕ್ ಗ್ರೆಗರಿ ಮತ್ತು ಹಿಲ್ಡಾ ಟ್ರೇಸಿ ಹಂದಿಗಳ ಜಠರದಿಂದ ಗ್ಯಾಸ್ಟ್ರಿನ್ ಅನ್ನು ಶುದ್ಧರೂಪದಲ್ಲಿ ತೆಗೆದು ತೋರಿಸಿದರು. ರಕ್ತದಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಇಂಥ ಹಾರ್ಮೋನುಗಳನ್ನು ಅಳೆಯುವ ವಿಧಾನ ರೂಪಿಸಿದ ರೊಸಾಲಿನ್ ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಆಮ್ಲವನ್ನು ತಗ್ಗಿಸುವ ಸಿಮೆಟಿಡಿನ್ ಎಂಬ ಮಾತ್ರೆ 1976ರಲ್ಲಿ ಇಂಗ್ಲೆಂಡಿನ ಅಂಗಡಿಗೆ ಬಂತು. ಹುಣ್ಣು ಮಾಯುತ್ತಿತ್ತು, ನಿಜ. ಆದರೆ ಮಾತ್ರೆ ನಿಲ್ಲಿಸಿದರೆ ಬಹುತೇಕರಿಗೆ ವರ್ಷದೊಳಗೆ ಮತ್ತೆ ಹುಣ್ಣು. ಆಮ್ಲ ಏಕೆ ಹೆಚ್ಚಾಗುತ್ತದೆ ಎಂದು ಕೇಳಿದರೆ ಉತ್ತರ: ಚಿಂತೆ, ಸಿಟ್ಟು, ಊಟದ ರೀತಿ. ಒಟ್ಟಿನಲ್ಲಿ ರೋಗಿಯದೇ ತಪ್ಪು, ಇಲ್ಲವೇ ರೋಗಿಗೆ ಅಡಿಗೆ ಮಾಡಿ ಬಡಿಸುವವರದು.

ಕಂಡರೂ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಬ್ಯಾಕ್ಟೀರಿಯಾ

ವಿಚಿತ್ರವೆಂದರೆ, ನಿಜವಾದ ಕಾರಣ ಬಹಳ ಹಿಂದೆಯೇ ಸೂಕ್ಷ್ಮದರ್ಶಕದ ಕೆಳಗೆ ಕಂಡಿತ್ತು. 1893ರಲ್ಲಿ ಇಟಲಿಯ ಟ್ಯೂರಿನ್ ನಗರದ ಜೂಲಿಯೋ ಬಿಟ್ಸೋಜೆರೋ ನಾಯಿಗಳ ಜಠರದಲ್ಲಿ ಸುರುಳಿಯಾಕಾರದ ಜೀವಿಗಳನ್ನು ಕಂಡು ಚಿತ್ರ ಸಮೇತ ವಿವರಿಸಿದರು. 1899ರಲ್ಲಿ ಪೋಲೆಂಡಿನ ವಾಲೆರಿ ಯಾವೋರ್ಸ್ಕಿ ಮನುಷ್ಯರ ಜಠರ ತೊಳೆದ ನೀರಿನಲ್ಲೂ ಅಂಥದ್ದೇ ಕಂಡರು. 1940ರಲ್ಲಿ ಬಾಸ್ಟನ್ನಿನ ಫ್ರೀಡ್‌ಬರ್ಗ್ ಮತ್ತು ಬ್ಯಾರನ್, ಆಪರೇಷನ್ನಿನಲ್ಲಿ ತೆಗೆದ ಜಠರದ ತುಂಡುಗಳಲ್ಲಿ ಇವನ್ನು ಗುರುತಿಸಿದರು.

ಆದರೆ 1954ರಲ್ಲಿ ಅಮೆರಿಕದ ಎಡ್ಡಿ ಪಾಮರ್ ಸಾವಿರಕ್ಕೂ ಹೆಚ್ಚು ಜನರ ಜಠರದ ಚೂರುಗಳನ್ನು ನೋಡಿ, ಅಂಥ ಬ್ಯಾಕ್ಟೀರಿಯಾ ಒಂದೂ ಇಲ್ಲ, ಹಿಂದಿನವರು ಕಂಡದ್ದು ಬಾಯಿಂದ ಬಂದ ಕಲಬೆರಕೆ ಎಂದುಬಿಟ್ಟರು. ಅವರು ಬಳಸಿದ ಸಾಮಾನ್ಯ ಬಣ್ಣದಲ್ಲಿ ಈ ಜೀವಿ ಸರಿಯಾಗಿ ಕಾಣುವುದಿಲ್ಲ, ಬೆಳ್ಳಿ ಲವಣದ ಬಣ್ಣ ಹಾಕಬೇಕಿತ್ತು. ಆ ಒಂದು ವರದಿಯ ನಂತರ, ಆಮ್ಲದಲ್ಲಿ ಯಾವ ಜೀವಿಯೂ ಬದುಕಲಾರದು ಎಂಬುದು ಪಠ್ಯಪುಸ್ತಕದ ಮಾತಾಯಿತು. ನನ್ನ ಕಸುಬಿನಲ್ಲೂ ಇಂಥದ್ದು ಆಗುತ್ತದೆ. ಪರೀಕ್ಷೆ ಮಾಡುವ ಪ್ರೋಗ್ರಾಮಿನಲ್ಲೇ ದೋಷವಿದ್ದರೆ, "ಎಲ್ಲ ಸರಿಯಾಗಿದೆ" ಎಂದು ಹಸಿರು ಗುರುತು ಬೀಳುತ್ತದೆ. ಆ ಗುರುತನ್ನು ನೋಡಿದ ಮೇಲೆ ಒಳಗೆ ಇಣುಕುವವರು ಯಾರೂ ಇರುವುದಿಲ್ಲ.

ಗ್ರೀಸ್ ದೇಶದ ಮಿಸೊಲೊಂಗಿ ಎಂಬ ಪಟ್ಟಣದಲ್ಲಿ ಯೋವಾನಿಸ್ ಲಿಕೂಡಿಸ್ ಎಂಬ ಸಾಮಾನ್ಯ ವೈದ್ಯರಿದ್ದರು. 1958ರಲ್ಲಿ ಬೇಧಿಗೆಂದು ಆ್ಯಂಟಿಬಯಾಟಿಕ್ ತೆಗೆದುಕೊಂಡಾಗ ತಮ್ಮ ಹಳೆಯ ಹುಣ್ಣೂ ವಾಸಿಯಾದದ್ದನ್ನು ಅವರು ಗಮನಿಸಿದರು. ಆಮೇಲೆ ಸಾವಿರಾರು ರೋಗಿಗಳಿಗೆ ಅದೇ ಚಿಕಿತ್ಸೆ ಕೊಟ್ಟರು. ಆದರೆ ಅವರ ಬರಹವನ್ನು ಪತ್ರಿಕೆಗಳು ಪ್ರಕಟಿಸಲಿಲ್ಲ. ಶಿಸ್ತು ಸಮಿತಿ ಅವರಿಗೆ 4,000 ಡ್ರಾಕ್ಮಾ ದಂಡ ಹಾಕಿತು. ತಾವು ಸರಿಯಿದ್ದೆವೆಂದು ಜಗತ್ತು ಒಪ್ಪುವ ಮೊದಲೇ, 1980ರಲ್ಲಿ ಅವರು ತೀರಿಕೊಂಡರು.

ಪರ್ತ್ ನಗರದ ಇಬ್ಬರು

ಇನ್ನು ಆಸ್ಟ್ರೇಲಿಯಾದ ಪಶ್ಚಿಮ ತುದಿಯ ಪರ್ತ್ ನಗರಕ್ಕೆ ಬರೋಣ. ಅಲ್ಲಿನ ರಾಯಲ್ ಪರ್ತ್ ಆಸ್ಪತ್ರೆಯಲ್ಲಿ ರಾಬಿನ್ ವಾರನ್ ಎಂಬ ರೋಗಶಾಸ್ತ್ರಜ್ಞರಿದ್ದರು. 1979ರ ಜೂನ್ 11, ಅವರ 42ನೇ ಹುಟ್ಟುಹಬ್ಬ. ಅಂದು ಒಂದು ಜಠರದ ಚೂರಿನ ಮೇಲೆ ನೀಲಿ ಗೆರೆಯಂಥದ್ದು ಕಂಡಿತು. ಬೆಳ್ಳಿಯ ಬಣ್ಣ ಹಾಕಿ ನೋಡಿದರೆ ಸುರುಳಿ ಬ್ಯಾಕ್ಟೀರಿಯಾಗಳ ಗುಂಪು. ನಮ್ಮ ತಾತನ ಹೊಟ್ಟೆ ಕೊಯ್ದ ವರ್ಷವೂ 1979 ಎಂಬುದನ್ನು ನೆನೆದಾಗಲೆಲ್ಲ ನನಗೆ ಒಂದು ರೀತಿ ಆಗುತ್ತದೆ.

ವಾರನ್ ಎರಡು ವರ್ಷ ಒಬ್ಬರೇ ಮಾದರಿಗಳನ್ನು ಕಲೆಹಾಕಿದರು. ಬ್ಯಾಕ್ಟೀರಿಯಾ ಇದ್ದ ಕಡೆಯಲ್ಲೆಲ್ಲ ಜಠರದ ಒಳಗೋಡೆಯಲ್ಲಿ ಬಿಳಿ ರಕ್ತಕಣಗಳು ನೆರೆದಿರುತ್ತಿದ್ದವು. 1981ರಲ್ಲಿ ಬ್ಯಾರಿ ಮಾರ್ಷಲ್ ಎಂಬ ತರಬೇತಿಯಲ್ಲಿದ್ದ ಯುವ ವೈದ್ಯ ಅವರ ಜೊತೆ ಸೇರಿದರು. ಆಗ ಮಾರ್ಷಲ್ ವಯಸ್ಸು ಮೂವತ್ತು. ಇಬ್ಬರೂ 100 ರೋಗಿಗಳ ಅಧ್ಯಯನ ಆರಂಭಿಸಿದರು. ಬ್ಯಾಕ್ಟೀರಿಯಾವನ್ನು ತಟ್ಟೆಯಲ್ಲಿ ಬೆಳೆಸಲು ಮಾಡಿದ ಮೊದಲ ಮೂವತ್ತಕ್ಕೂ ಹೆಚ್ಚು ಪ್ರಯತ್ನಗಳು ವಿಫಲವಾದವು, ಏಕೆಂದರೆ ಪ್ರಯೋಗಾಲಯದವರು ವಾಡಿಕೆಯಂತೆ ಎರಡೇ ದಿನಕ್ಕೆ ತಟ್ಟೆಗಳನ್ನು ಎಸೆಯುತ್ತಿದ್ದರು. 1982ರ ಏಪ್ರಿಲ್‌ನಲ್ಲಿ ಈಸ್ಟರ್ ರಜೆ ಬಂತು. ತಟ್ಟೆಗಳು ಐದಾರು ದಿನ ಹಾಗೆಯೇ ಉಳಿದವು. ರಜೆ ಮುಗಿಸಿ ಬಂದು ನೋಡಿದರೆ ಬ್ಯಾಕ್ಟೀರಿಯಾ ಬೆಳೆದಿತ್ತು! ಅದು ನಿಧಾನವಾಗಿ ಬೆಳೆಯುವ ಜಾತಿ, ಅಷ್ಟೆ. ಆ ಅಧ್ಯಯನದಲ್ಲಿ ಸಣ್ಣ ಕರುಳಿನ ಮೊದಲ ಭಾಗದಲ್ಲಿ ಹುಣ್ಣಿದ್ದ 13 ಮಂದಿಯಲ್ಲಿ 13 ಮಂದಿಗೂ ಈ ಬ್ಯಾಕ್ಟೀರಿಯಾ ಇತ್ತು.

ಆದರೂ ತಜ್ಞರು ನಂಬಲಿಲ್ಲ. 1983ರಲ್ಲಿ ಆಸ್ಟ್ರೇಲಿಯಾದ ಜಠರ ತಜ್ಞರ ಸಮ್ಮೇಳನಕ್ಕೆ ಕಳಿಸಿದ ಪ್ರಬಂಧ ತಿರಸ್ಕೃತವಾಯಿತು. ಹುಣ್ಣು ಆದ ಮೇಲೆ ಬ್ಯಾಕ್ಟೀರಿಯಾ ಬಂದು ಸೇರಿರಬಹುದಲ್ಲ ಎಂಬುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಪ್ರಾಣಿಗಳಿಗೆ ಸೋಂಕು ತಗುಲಿಸಲು ಮಾರ್ಷಲ್ ಮಾಡಿದ ಪ್ರಯತ್ನಗಳು ಫಲಿಸಲಿಲ್ಲ. ಕೊನೆಗೆ 1984ರಲ್ಲಿ ಅವರು ಮೊದಲು ತಮ್ಮ ಜಠರ ಆರೋಗ್ಯವಾಗಿದೆ ಎಂದು ಎಂಡೋಸ್ಕೋಪಿ ಮಾಡಿಸಿಕೊಂಡು, ಆಮೇಲೆ ಬ್ಯಾಕ್ಟೀರಿಯಾ ತುಂಬಿದ ದ್ರವವನ್ನು ತಾವೇ ಕುಡಿದುಬಿಟ್ಟರು. ಹೆಂಡತಿಗೂ ಮೊದಲೇ ಹೇಳಿರಲಿಲ್ಲ. ಕೆಲವೇ ದಿನಗಳಲ್ಲಿ ಹೊಟ್ಟೆ ತೊಳಸು, ಬಾಯಿಯ ದುರ್ವಾಸನೆ, ಬೆಳಗಿನ ವಾಂತಿ. ಮತ್ತೆ ಎಂಡೋಸ್ಕೋಪಿ ಮಾಡಿದಾಗ ಜಠರದ ಗೋಡೆ ಉರಿಯೂತದಿಂದ ಕೂಡಿತ್ತು, ಬ್ಯಾಕ್ಟೀರಿಯಾ ತುಂಬಿತ್ತು. ಅವರಿಗೆ ಆದದ್ದು ಹುಣ್ಣಲ್ಲ, ಹುಣ್ಣಿಗೆ ಮುಂಚಿನ ಉರಿಯೂತ. ಆದರೆ ಆರೋಗ್ಯವಂತ ಹೊಟ್ಟೆಯನ್ನು ಈ ಜೀವಿ ಕೆಡಿಸಬಲ್ಲದು ಎಂಬುದಕ್ಕೆ ಅಷ್ಟು ಸಾಕಾಯಿತು. ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಮಾತು: ಮಾರ್ಷಲ್ ಧೈರ್ಯವನ್ನು ಮೆಚ್ಚೋಣ, ಆ ಪ್ರಯೋಗವನ್ನು ಯಾರೂ ಮಾಡುವುದು ಬೇಡ.

1988ರಲ್ಲಿ ಪ್ರಕಟವಾದ ಅವರ ಇನ್ನೊಂದು ಅಧ್ಯಯನ ಹೆಚ್ಚು ಬಲವಾದದ್ದು. ಬ್ಯಾಕ್ಟೀರಿಯಾ ಉಳಿದುಕೊಂಡ ರೋಗಿಗಳಲ್ಲಿ ವರ್ಷದೊಳಗೆ 84% ಮಂದಿಗೆ ಹುಣ್ಣು ಮರಳಿತು. ಬ್ಯಾಕ್ಟೀರಿಯಾ ಹೋದವರಲ್ಲಿ 21% ಮಂದಿಗೆ ಮಾತ್ರ. 1989ರಲ್ಲಿ ಅದಕ್ಕೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಈಗಿನ ಹೆಸರು ಬಂತು. 1994ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ, ಈ ಸೋಂಕಿರುವ ಹುಣ್ಣಿನ ರೋಗಿಗಳಿಗೆ ಆ್ಯಂಟಿಬಯಾಟಿಕ್ ಕೊಡಬೇಕೆಂದು ಹೇಳಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. 2005ರಲ್ಲಿ ವಾರನ್ ಮತ್ತು ಮಾರ್ಷಲ್ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು. ನಾನು ಆಗ ಪಿ.ಯು.ಸಿ. ಓದುತ್ತಿದ್ದೆ. ನನ್ನ ನೋಟ್ಸಿಗೂ ಆ ಪ್ರಶಸ್ತಿಗೂ ನಡುವೆ ಇದ್ದದ್ದು ಎರಡು ಮೂರು ವರ್ಷ ಅಷ್ಟೆ. ವಾರನ್ ಅವರು 2024ರ ಜುಲೈನಲ್ಲಿ ನಿಧನರಾದರು.

ಕಾವಲುಗಾರರು ಮತ್ತು ನೀರುಗಂಟಿ

ಹಾಗಾದರೆ ಆಮ್ಲದ ಸಿದ್ಧಾಂತ ಪೂರ್ತಿ ಸುಳ್ಳೇ? ಅಲ್ಲ. ನನಗೆ ಈ ಇತಿಹಾಸದಲ್ಲಿ ಅತ್ಯಂತ ಇಷ್ಟವಾದದ್ದು ಈ ಭಾಗ. ಹಳಬರು ಹೇಳಿದ್ದೂ ಹೊಸಬರು ಹೇಳಿದ್ದೂ ಇಲ್ಲಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ.

ಈ ಬ್ಯಾಕ್ಟೀರಿಯಾ ಯೂರಿಯೇಸ್ ಎಂಬ ಕಿಣ್ವದಿಂದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿಕೊಂಡು ತನ್ನ ಸುತ್ತಲಿನ ಆಮ್ಲವನ್ನು ತಣಿಸುತ್ತದೆ. ಬಾಲದಂಥ ಎಳೆಗಳಿಂದ ಈಜಿ ಜಠರದ ಲೋಳೆ ಪದರದೊಳಗೆ ಹೊಕ್ಕು ನೆಲೆಸುತ್ತದೆ. ಗೋಡೆಯ ಜೀವಕೋಶಗಳು ಅಪಾಯ ಕಂಡು ರಾಸಾಯನಿಕ ಕೂಗು ಹಾಕುತ್ತವೆ. ರಕ್ತದಿಂದ ಕಾವಲುಗಾರರು, ಅಂದರೆ ನ್ಯೂಟ್ರೋಫಿಲ್, ಲಿಂಫೋಸೈಟ್ ಮುಂತಾದ ಬಿಳಿ ರಕ್ತಕಣಗಳು, ಓಡಿಬರುತ್ತವೆ. ಆದರೆ ಕಳ್ಳನಿರುವುದು ಲೋಳೆಯ ಆಚೆ ಬದಿಯಲ್ಲಿ, ಕಾವಲುಗಾರರಿರುವುದು ಗೋಡೆಯೊಳಗೆ. ಕಳ್ಳ ಸಿಗುವುದಿಲ್ಲ, ಕಾವಲುಗಾರರು ಮನೆಗೆ ಹೋಗುವುದೂ ಇಲ್ಲ. ಹತ್ತಾರು ವರ್ಷ ಬೀಸಿದ ದೊಣ್ಣೆಯ ಏಟೆಲ್ಲ ಬೀಳುವುದು ಮನೆಯ ಗೋಡೆಗೇ. ಇದೇ ದೀರ್ಘಕಾಲದ ಉರಿಯೂತ.

ಇನ್ನು ಹಾರ್ಮೋನಿನ ಸಂಗತಿ. ನಮ್ಮ ನಾಲೆಯ ಬಯಲಿನ ರೈತರಿಗೆ ಇದನ್ನು ಹೇಳುವುದು ಸುಲಭ. ಊಟ ಹೊಟ್ಟೆಗೆ ಬಿದ್ದ ಕೂಡಲೇ ಜಠರದ ಕೆಳಭಾಗದ ಕೋಶಗಳು ಗ್ಯಾಸ್ಟ್ರಿನ್ ಬಿಡುತ್ತವೆ. ಅದು "ನೀರು ಬಿಡಿ" ಎಂಬ ಕೂಗು. ಆ ಕೂಗು ರಕ್ತದಲ್ಲಿ ಹೋಗಿ ಮೇಲ್ಭಾಗದ ಕೋಶಗಳಿಂದ ಆಮ್ಲ ಸುರಿಸುತ್ತದೆ. ಆಮ್ಲ ಸಾಕಷ್ಟಾದಾಗ ಪಕ್ಕದ ಬೇರೆ ಕೋಶಗಳು ಸೊಮ್ಯಾಟೊಸ್ಟ್ಯಾಟಿನ್ ಎಂಬ ಇನ್ನೊಂದು ಹಾರ್ಮೋನು ಬಿಟ್ಟು ಆ ಕೂಗನ್ನು ನಿಲ್ಲಿಸುತ್ತವೆ. ಇದು ತೂಬು ಮುಚ್ಚುವ ನೀರುಗಂಟಿ. ಆರೋಗ್ಯವಂತರಲ್ಲಿ ಈ ಲೆಕ್ಕ ತಪ್ಪುವುದಿಲ್ಲ.

1989ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಸಂಶೋಧಕರು, ಸೋಂಕಿರುವ ಹುಣ್ಣಿನ ರೋಗಿಗಳ ರಕ್ತದಲ್ಲಿ ಗ್ಯಾಸ್ಟ್ರಿನ್ ಹೆಚ್ಚಿರುವುದನ್ನು ತೋರಿಸಿದರು. ಸೋಂಕು ಹೋದ ಮೇಲೆ ಅದು ಇಳಿಯಿತು. 1992ರಲ್ಲಿ ಅದೇ ಗುಂಪು, ಸೋಂಕಿರುವವರ ಜಠರದ ಕೆಳಭಾಗದಲ್ಲಿ ಸೊಮ್ಯಾಟೊಸ್ಟ್ಯಾಟಿನ್ ಕಡಿಮೆಯಿದ್ದು, ಚಿಕಿತ್ಸೆಯ ನಂತರ ಹೆಚ್ಚುತ್ತದೆ ಎಂದು ತೋರಿಸಿತು. ಅಂದರೆ ಕಾವಲುಗಾರರ ಗದ್ದಲದಲ್ಲಿ ನೀರುಗಂಟಿ ಕೆಲಸ ಬಿಟ್ಟಿದ್ದಾನೆ. ತೂಬು ಮುಚ್ಚುವವರಿಲ್ಲ. ಆಮ್ಲ ಕೆಳಗಿನ ಗದ್ದೆಗೆ, ಅಂದರೆ ಸಣ್ಣ ಕರುಳಿನ ಆರಂಭಕ್ಕೆ, ನುಗ್ಗಿ ಅಲ್ಲಿ ಹುಣ್ಣಾಗುತ್ತದೆ. ಆಮ್ಲವಿಲ್ಲದೆ ಹುಣ್ಣಿಲ್ಲ ಎಂದ ಶ್ವಾರ್ಜ್ ಸುಳ್ಳು ಹೇಳಿರಲಿಲ್ಲ. ತೂಬು ತೆರೆದೇ ಉಳಿದದ್ದು ಏಕೆ ಎಂಬುದಷ್ಟೇ ಅವರಿಗೆ ತಿಳಿದಿರಲಿಲ್ಲ.

ಕೆಲವರಲ್ಲಿ ಕಥೆ ಬೇರೆಯಾಗುತ್ತದೆ. ಉರಿಯೂತ ಜಠರದ ಮೇಲ್ಭಾಗಕ್ಕೆ ಹಬ್ಬಿ ಆಮ್ಲ ಸುರಿಸುವ ಕೋಶಗಳೇ ನಶಿಸುತ್ತವೆ. ಆಗಲೂ ಗ್ಯಾಸ್ಟ್ರಿನ್ ಹೆಚ್ಚೇ ಇರುತ್ತದೆ. ಕೂಗುವವನು ಕೂಗುತ್ತಲೇ ಇದ್ದಾನೆ, ಆದರೆ ಕೆರೆಯಲ್ಲಿ ನೀರಿಲ್ಲ. ಇಂಥವರಿಗೆ ಕರುಳಿನ ಹುಣ್ಣಿನ ಭಯ ಕಡಿಮೆ, ಜಠರದ ಕ್ಯಾನ್ಸರಿನ ಅಪಾಯ ಹೆಚ್ಚು. ಒಂದೇ ಸೋಂಕು, ಒಂದೇ ಹಾರ್ಮೋನಿನ ಏರಿಕೆ, ಪರಿಣಾಮ ಮಾತ್ರ ಎರಡು ಬಗೆ.

ಇಷ್ಟೆಲ್ಲ ಮಾಡುವ ಜೀವಿ ಎಷ್ಟು ಸಣ್ಣದು? 1997ರಲ್ಲಿ ಇದರ ಸಂಪೂರ್ಣ ಡಿ.ಎನ್.ಎ. ಓದಿ ಪ್ರಕಟಿಸಿದರು: 16,67,867 ಅಕ್ಷರಗಳು. ನನ್ನ ಕಸುಬಿನ ಲೆಕ್ಕದಲ್ಲಿ ಅದು ಸುಮಾರು 417 ಕಿಲೋಬೈಟ್. ನಾವು ವಾಟ್ಸಾಪಿನಲ್ಲಿ ಕಳಿಸುವ ಮದುವೆ ಫೋಟೋದಷ್ಟೂ ಇಲ್ಲ.

ಮೈಸೂರು ಮತ್ತು ಹುರುಳಿ

ಈ ಇತಿಹಾಸದಲ್ಲಿ ನಮ್ಮ ಮೈಸೂರಿಗೂ ಒಂದು ಪುಟವಿದೆ. ಮೈಸೂರಿನವರು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1950 ಮತ್ತು 60ರ ದಶಕಗಳಲ್ಲಿ ಫ್ರಾಂಕ್ ಟೋವಿ ಎಂಬ ಇಂಗ್ಲಿಷ್ ಶಸ್ತ್ರವೈದ್ಯರಿದ್ದರು. ಹುಣ್ಣಿನ ರೋಗಿಗಳು ಇಲ್ಲಿ ಇಷ್ಟೊಂದು ಏಕೆ ಎಂಬ ಪ್ರಶ್ನೆ ಅವರನ್ನು ಜೀವಮಾನವಿಡೀ ಹಿಂಬಾಲಿಸಿತು. ಭಾರತದ ಬೇರೆ ಬೇರೆ ಕಡೆಯ ಮಾಹಿತಿ ಕಲೆಹಾಕಿ, ಅಕ್ಕಿಯೇ ಮುಖ್ಯವಾದ ದಕ್ಷಿಣ ಮತ್ತು ಪೂರ್ವ ಭಾಗಗಳಲ್ಲಿ ಕರುಳಿನ ಹುಣ್ಣು ಹೆಚ್ಚು, ಹೊಟ್ಟು ತೆಗೆಯದ ಗೋಧಿ ಮತ್ತು ಸಿರಿಧಾನ್ಯ ಉಣ್ಣುವ ಕಡೆ ಕಡಿಮೆ ಎಂದು 1979ರಲ್ಲಿ ಬರೆದರು. ಆಮೇಲೆ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಹುರುಳಿಯ ಎಣ್ಣೆಯ ಅಂಶಕ್ಕೆ ಹುಣ್ಣನ್ನು ತಡೆಯುವ ಗುಣವಿರುವುದು ಅವರ ಗುಂಪಿಗೆ ಕಂಡಿತು. ಹಾಗೆಂದು ಹುರುಳಿ ಸಾರು ಔಷಧವಲ್ಲ. ಅದು ಸೋಂಕನ್ನು ಕೊಲ್ಲುವುದಿಲ್ಲ. ಆದರೆ ಊಟಕ್ಕೂ ಹುಣ್ಣಿಗೂ ಸಂಬಂಧವೇ ಇಲ್ಲ ಎನ್ನುವುದೂ ಅತಿಯಾದ ಮಾತು. ಸೋಂಕು ಭಾರತದ ಎಲ್ಲ ಕಡೆಯೂ ಇದೆ, ಹುಣ್ಣು ಮಾತ್ರ ಎಲ್ಲೆಡೆ ಒಂದೇ ಸಮ ಇಲ್ಲ.

ಇನ್ನೊಂದು ಸ್ವಾರಸ್ಯ. 1991ರಲ್ಲಿ ಯೂರೋಪಿನ ಆಲ್ಪ್ಸ್ ಪರ್ವತದ ಹಿಮದಲ್ಲಿ ಸುಮಾರು 5,300 ವರ್ಷ ಹಳೆಯ ಮನುಷ್ಯನ ದೇಹ ಸಿಕ್ಕಿತು. 2016ರಲ್ಲಿ ಅವನ ಜಠರದಲ್ಲೂ ಈ ಬ್ಯಾಕ್ಟೀರಿಯಾದ ಡಿ.ಎನ್.ಎ. ದೊರೆಯಿತು. ಅದು ಈಗಿನ ಯೂರೋಪಿಯನ್ನರ ತಳಿಗಿಂತ ಮಧ್ಯ ಮತ್ತು ದಕ್ಷಿಣ ಏಷ್ಯಾದಲ್ಲಿ ಇಂದು ಕಾಣುವ ತಳಿಗೆ ಹತ್ತಿರವಾಗಿತ್ತು. ಮನುಷ್ಯ ನಡೆದ ದಾರಿಯಲ್ಲೆಲ್ಲ ಇದೂ ಅವನ ಹೊಟ್ಟೆಯಲ್ಲಿ ಕೂತು ನಡೆದಿದೆ.

ಅಜ್ಜಿ ಹೇಳಿದ ಮಾತು

ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ನನಗೂ ಹೊಟ್ಟೆನೋವು ಶುರುವಾಯಿತು. ರಾತ್ರಿ ಪಾಳಿ, ಹೋಟೆಲ್ ಊಟ, ಕೆಲಸದ ಒತ್ತಡ. ಕಾರಣ ನನಗೆ ಗೊತ್ತೇ ಇತ್ತು, ಒಂಬತ್ತನೇ ತರಗತಿಯಲ್ಲೇ ಬರೆದುಕೊಂಡಿದ್ದೆನಲ್ಲ! ಮೆಡಿಕಲ್ ಶಾಪಿನ ಗುಲಾಬಿ ಬಣ್ಣದ ಔಷಧಿ ಕುಡಿಯುತ್ತಾ ಆರು ತಿಂಗಳು ತಳ್ಳಿದೆ. ಒಂದು ದಿನ ಮಲ ಟಾರಿನಂತೆ ಕಪ್ಪಗೆ ಹೋದಾಗ ಹೆದರಿ ಆಸ್ಪತ್ರೆಗೆ ಓಡಿದೆ. ಎಂಡೋಸ್ಕೋಪಿಯಲ್ಲಿ ಹುಣ್ಣು ಕಂಡಿತು. ಒಂದು ಚೂರು ತೆಗೆದು ಪರೀಕ್ಷಿಸಿದಾಗ ಬ್ಯಾಕ್ಟೀರಿಯಾ ಇತ್ತು. ಎರಡು ಬಗೆಯ ಆ್ಯಂಟಿಬಯಾಟಿಕ್, ಆಮ್ಲ ತಗ್ಗಿಸುವ ಒಂದು ಮಾತ್ರೆ, 14 ದಿನ. ಅಷ್ಟೇ! ತಾತನ ಹೊಟ್ಟೆಯನ್ನು ಅಷ್ಟುದ್ದ ಕೊಯ್ಯಿಸಿದ ಕಾಯಿಲೆ ನನಗೆ ಒಂದು ಪ್ಲಾಸ್ಟಿಕ್ ಚೀಲದಷ್ಟು ಮಾತ್ರೆಗಳಲ್ಲಿ ಮುಗಿಯಿತು. ಈ ಸೋಂಕು ಹೆಚ್ಚಾಗಿ ಚಿಕ್ಕಂದಿನಲ್ಲಿ, ಮನೆಯವರಿಂದಲೇ ತಗುಲುತ್ತದೆ ಎಂದು ಡಾಕ್ಟರು ಹೇಳಿದರು.

ಆ ಸಲ ಊರಿಗೆ ಬಂದಾಗ ಅಜ್ಜಿಗೆ ಎಂಬತ್ತು ದಾಟಿತ್ತು. ಕಣ್ಣು ಮಂಜು, ಕಿವಿ ಚೆನ್ನಾಗಿತ್ತು. ಪಕ್ಕದಲ್ಲಿ ಕೂತು ಹೇಳಿದೆ: "ಅಜ್ಜೀ, ತಾತನಿಗೆ ಹುಣ್ಣಾಗಿದ್ದು ನಿನ್ನ ಖಾರದಿಂದಲ್ಲ ಕಣಜ್ಜಿ. ಒಂದು ಹುಳ. ಕಣ್ಣಿಗೆ ಕಾಣದ್ದು. ನನ್ನ ಹೊಟ್ಟೇಲೂ ಇತ್ತು." ತಾತನ ಹೊಟ್ಟೆಯನ್ನು ಯಾರೂ ಅದಕ್ಕಾಗಿ ಪರೀಕ್ಷಿಸಿರಲಿಲ್ಲ, ನಿಜ. ಆದರೆ ನೋವಿನ ಮಾತ್ರೆ ನುಂಗುವ ಅಭ್ಯಾಸವಿಲ್ಲದ ಮನುಷ್ಯನಿಗೆ ಆ ಜಾಗದಲ್ಲಿ ಹುಣ್ಣಾಗಲು ಆ ಕಾಲದಲ್ಲಿ ಬೇರೆ ಕಾರಣ ಅಪರೂಪ. ಬೀಡಿ ಅದು ಮಾಯದಂತೆ ನೋಡಿಕೊಂಡಿರಬೇಕು.

ಅಜ್ಜಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ್ದು ಇಷ್ಟೇ: "ಇದು ಅವತ್ತೇ ಗೊತ್ತಿತ್ತಾ ಮಗಾ?"

"ಇಲ್ಲ ಅಜ್ಜಿ. ಆಗತಾನೇ ಯಾರೋ ದೂರದ ದೇಶದಲ್ಲಿ ನೋಡ್ತಾ ಇದ್ರು."

"ಅವ್ರಕ್ಕನಿಗೆ ಹೇಳೋಕೆ ಅವ್ರೂ ಇಲ್ಲ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಇಪ್ಪತ್ತು ವರ್ಸ ಸಪ್ಪೆ ಸಾರು ಉಣ್ಸಿದ್ನಲ್ಲಪ್ಪ. ಖಾರ ಅಂದ್ರೆ ಎಷ್ಟು ಇಷ್ಟ ಇತ್ತು ಅವ್ರಿಗೆ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಅಪವಾದ ಕಳೆದದ್ದಕ್ಕೆ ಸಂತೋಷಪಡುತ್ತಾರೆಂದು ನಾನು ಎಣಿಸಿದ್ದೆ. ಅವರು ಅತ್ತದ್ದು ತಾತ ತಿನ್ನದೆ ಹೋದ ಊಟಕ್ಕೆ. ಆ ವರ್ಷದ ಪಿತೃಪಕ್ಷದಲ್ಲಿ ತಾತನ ಎಡೆಗೆ ಖಾರದ ಸಾರನ್ನು ಅಜ್ಜಿಯೇ ಹೇಳಿ ಮಾಡಿಸಿದರು.

ಕೊನೆಯ ಮಾತು

ಊರಿನ ಬಂಧುಗಳಿಗೆ ನನ್ನ ಮನವಿ ಇಷ್ಟು. ಈ ಸೋಂಕಿರುವ ಎಲ್ಲರಿಗೂ ಹುಣ್ಣಾಗುವುದಿಲ್ಲ, ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಎಲ್ಲ ಹುಣ್ಣಿಗೂ ಇದೊಂದೇ ಕಾರಣವೂ ಅಲ್ಲ. ಮಂಡಿನೋವು, ಮೈಕೈ ನೋವಿಗೆಂದು ದಿನವೂ ನುಂಗುವ ನೋವಿನ ಮಾತ್ರೆಗಳಿಂದಲೂ ಹುಣ್ಣಾಗುತ್ತದೆ. ಹೊಟ್ಟೆನೋವು ವಾರಗಟ್ಟಲೆ ಬಿಡದಿದ್ದರೆ, ಮಲ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ನನ್ನ ಹಾಗೆ ತಡಮಾಡದೆ ವೈದ್ಯರ ಹತ್ತಿರ ಹೋಗಿ. ಆ್ಯಂಟಿಬಯಾಟಿಕ್ ಕೊಟ್ಟರೆ ನೋವು ನಿಂತಿತೆಂದು ಅರ್ಧಕ್ಕೆ ಬಿಡಬೇಡಿ. ಅರ್ಧಕ್ಕೆ ಬಿಟ್ಟರೆ ಬ್ಯಾಕ್ಟೀರಿಯಾ ಆ ಔಷಧಕ್ಕೆ ಬಗ್ಗದಂತಾಗುತ್ತದೆ.

ಈಗ ಶಾಲೆಯಲ್ಲಿ ಓದುತ್ತಿರುವ ತಮ್ಮ ತಂಗಿಯರಿಗೆ ಒಂದು ಮಾತು. ಪುಸ್ತಕದಲ್ಲಿರುವುದನ್ನು ಚೆನ್ನಾಗಿ ಓದಿ, ಪರೀಕ್ಷೆಯಲ್ಲಿ ಬರೆಯಿರಿ. ಜೊತೆಗೆ, ಇದು ಹೇಗೆ ಗೊತ್ತಾಯಿತು ಎಂದು ಒಮ್ಮೆ ಕೇಳಿ. ತಟ್ಟೆಯನ್ನು ಎರಡು ದಿನಕ್ಕೆ ಎಸೆಯದೆ ಇನ್ನೂ ನಾಲ್ಕು ದಿನ ಇಟ್ಟು ನೋಡಿ. ಮತ್ತೆ, ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದಾಗ, ಕಾರಣ ತಿಳಿಯುವ ಮೊದಲೇ ಅಡಿಗೆಮನೆಯಲ್ಲಿರುವ ಹೆಣ್ಣುಮಕ್ಕಳ ಮೇಲೆ ತಪ್ಪು ಹೊರಿಸಬೇಡಿ.

ನಮ್ಮ ವಿಜ್ಞಾನ ಮೇಷ್ಟ್ರು ತಾವು ಕಲಿಸಿದ ಪಾಠವನ್ನು ಶಿಷ್ಯನಿಂದ ತಿದ್ದಿಸಿಕೊಂಡು, ಅದನ್ನು ಎಲ್ಲರಿಗೂ ತಲುಪಿಸು ಎಂದರು. ಈ ಶಾಲೆ ನನಗೆ ಕಲಿಸಿದ ಪಾಠಗಳಲ್ಲಿ ಅದು ದೊಡ್ಡದು. ಸರ್, ನೀವು ಕೊಟ್ಟ ಕೆಲಸ ಮುಗಿಸಿದ್ದೇನೆ. ತಪ್ಪಿದ್ದರೆ ಎಂದಿನಂತೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ.



ಹಳೆಯ ವಿದ್ಯಾರ್ಥಿ, 2003-04ನೇ ಸಾಲಿನ ಎಸ್.ಎಸ್.ಎಲ್.ಸಿ. ತಂಡ
ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು